ಅಳಿದ ಮೋವಾ, ಉಳಿದ ಹಲ್ಲಿ: ನ್ಯೂಜಿಲೆಂಡಿನ ‘ಮರುಹುಟ್ಟು’ ಸುದ್ದಿಯ ಒಳಗೇನಿದೆ?

ಆರುನೂರು ವರ್ಷಗಳ ಹಿಂದೆ ಅಳಿದುಹೋದ ಮೋವಾ ಎಂಬ ದೈತ್ಯ ಹಕ್ಕಿಯನ್ನು ಮತ್ತೆ ಹುಟ್ಟಿಸುತ್ತೇವೆ ಎಂದು ಅಮೆರಿಕದ ಕೊಲೋಸಲ್ ಬಯೋಸೈನ್ಸಸ್ ಕಂಪನಿ 2025ರ ಜುಲೈನಲ್ಲಿ ಘೋಷಿಸಿತು. ಅದಕ್ಕೆ ಮೂರು ತಿಂಗಳು ಮೊದಲು ಇದೇ ಕಂಪನಿ ಹಿಮಯುಗದ ಡೈರ್ ವುಲ್ಫ್ ಎಂಬ ತೋಳವನ್ನು ಮರಳಿ ತಂದಿದ್ದೇವೆಂದು ಬೆಳ್ಳನೆಯ ಮರಿಗಳ ಚಿತ್ರಗಳನ್ನು ಜಗತ್ತಿಗೆಲ್ಲ ತೋರಿಸಿತ್ತು. ಅದರ ಬೆನ್ನಿಗೇ ‘ಅವು ಡೈರ್ ವುಲ್ಫ್ ಅಲ್ಲವೇ ಅಲ್ಲ, ಜೀನ್ ತಿದ್ದಿದ ಬೂದು ತೋಳಗಳು’ ಎಂಬ ವಿಜ್ಞಾನಿಗಳ ಮಾತೂ ಪತ್ರಿಕೆಗಳಲ್ಲಿ ಬಂತು. ಓದುಗರಿಗೆ ಗೊಂದಲವಾದದ್ದು ಸಹಜ. ಅಳಿದ ಪ್ರಾಣಿ ಮರಳಿತೋ ಇಲ್ಲವೋ?

ಮೋವಾದ ತವರಾದ ನ್ಯೂಜಿಲೆಂಡಿನಿಂದ ಅದೇ ವರ್ಷ ಬಂದ ಬೇರೆ ಸುದ್ದಿಗಳನ್ನೂ ಪಕ್ಕದಲ್ಲಿಟ್ಟರೆ ಗೊಂದಲ ಇನ್ನೂ ಹೆಚ್ಚುತ್ತದೆ. ಹೆದ್ದಾರಿಗಾಗಿ ಸಂರಕ್ಷಿತ ಜೀವಿಗಳನ್ನು ಕೊಲ್ಲಲು ಕೊಟ್ಟ ಅನುಮತಿ ಕಾನೂನುಬಾಹಿರ ಎಂದು ಅಲ್ಲಿನ ಹೈಕೋರ್ಟ್ ಮಾರ್ಚ್‌ನಲ್ಲಿ ಹೇಳಿತು. ಮೇ ತಿಂಗಳಲ್ಲಿ ಸಂಸತ್ತು ಕಾನೂನನ್ನೇ ತಿದ್ದಿತು. ಇಲಿ, ಮುಂಗುಸಿಯಂಥ ಸ್ಟೋಟ್‌ಗಳ ನಿರ್ಮೂಲನೆಗೆಂದು ಕಟ್ಟಿದ್ದ ಸರ್ಕಾರಿ ಕಂಪನಿಯನ್ನು ಅದೇ ತಿಂಗಳ ಬಜೆಟ್ ಮುಚ್ಚಲು ಹೊರಟಿತು. ಅಳಿದದ್ದನ್ನು ಕರೆತರುವ ಉತ್ಸಾಹವೂ ಉಳಿದದ್ದರ ಕಾವಲನ್ನು ಸಡಿಲಿಸುವ ತೀರ್ಮಾನವೂ ಒಂದೇ ದೇಶದಲ್ಲಿ, ಒಂದೇ ವರ್ಷದಲ್ಲಿ. ಇವು ಬೇರೆಬೇರೆ ಸುದ್ದಿಗಳಂತೆ ಕಂಡರೂ ಮೋವಾವನ್ನು ಅಳಿಸಿದ ಕಾರಣಗಳನ್ನು ನೋಡಿದರೆ ಒಂದಕ್ಕೊಂದು ಹೆಣೆದುಕೊಂಡಿವೆ.

ಮೋವಾ ಎಂಥ ಹಕ್ಕಿ?

ಮೋವಾಗಳಲ್ಲಿ ಒಂಬತ್ತು ಪ್ರಭೇದಗಳಿದ್ದವು. ಚಿಕ್ಕವು ಟರ್ಕಿ ಕೋಳಿಯಷ್ಟು. ದೊಡ್ಡದಾದ ದಕ್ಷಿಣ ದ್ವೀಪದ ದೈತ್ಯ ಮೋವಾ ಕತ್ತು ಚಾಚಿದರೆ ಮೂರೂವರೆ ಮೀಟರಿಗೂ ಎತ್ತರ, ತೂಕ ಇನ್ನೂರು ಕಿಲೋ ದಾಟುತ್ತಿತ್ತು. ಕೊಲೋಸಲ್ ಮೊದಲು ಕೈಹಾಕಿರುವುದು ಇದಕ್ಕೇ. ಹಾರಲಾರದ ಆಸ್ಟ್ರಿಚ್‌ಗೂ ಎಮುವಿಗೂ ಮೊಟಕು ರೆಕ್ಕೆಗಳಾದರೂ ಇವೆ. ಮೋವಾದ ಅಸ್ಥಿಪಂಜರದಲ್ಲಿ ರೆಕ್ಕೆಯ ಮೂಳೆಯ ಗುರುತೂ ಇಲ್ಲ. ದೈತ್ಯ ಮೋವಾದ ಹೆಣ್ಣು ಗಂಡಿಗಿಂತ ಎಷ್ಟು ದೊಡ್ಡದಿತ್ತೆಂದರೆ ಎರಡೂ ಬೇರೆ ಪ್ರಭೇದಗಳೆಂದೇ ವಿಜ್ಞಾನಿಗಳು ನಂಬಿದ್ದರು. 2003ರಲ್ಲಿ ಮೂಳೆಗಳ ಡಿಎನ್‌ಎ ಪರೀಕ್ಷೆಯಾದ ಮೇಲೆ ಆ ತಪ್ಪು ತಿದ್ದಿಕೊಂಡಿತು.

ನ್ಯೂಜಿಲೆಂಡ್ ಸುಮಾರು ಎಂಟು ಕೋಟಿ ವರ್ಷಗಳಿಂದ ಉಳಿದ ಭೂಖಂಡಗಳಿಂದ ಬೇರೆಯಾಗಿ ನಿಂತ ನೆಲ. ಮನುಷ್ಯ ಬರುವವರೆಗೆ ಅಲ್ಲಿದ್ದ ನೆಲದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಜಿಂಕೆ, ಕಾಡೆಮ್ಮೆಗಳ ಜಾಗದಲ್ಲಿ ಮೋವಾ ಸೊಪ್ಪು ಮೇಯುತ್ತಿತ್ತು. ಹುಲಿ, ಚಿರತೆಯ ಜಾಗದಲ್ಲಿ ಹಾಸ್ಟ್ ಹದ್ದು ಎಂಬ ಭಾರೀ ಹಕ್ಕಿ ಮೋವಾವನ್ನು ಬೇಟೆಯಾಡುತ್ತಿತ್ತು. ಶತ್ರು ಕಡಿಮೆ ಇದ್ದಲ್ಲಿ ಜೀವಿಗಳು ನಿಧಾನವಾಗಿ ಬದುಕಲು ಕಲಿಯುತ್ತವೆ. ಮೋವಾದ ಮೂಳೆಗಳಲ್ಲಿ ಮರದ ಉಂಗುರಗಳ ಹಾಗೆ ಬೆಳವಣಿಗೆಯ ಗೆರೆಗಳಿವೆ; ಕೆಲವು ಪ್ರಭೇದಗಳು ಪೂರ್ತಿ ಬೆಳೆಯಲು ಹತ್ತು ವರ್ಷದವರೆಗೂ ತೆಗೆದುಕೊಳ್ಳುತ್ತಿದ್ದವೆಂದು ಅವು ಹೇಳುತ್ತವೆ.

ಈ ನಿಧಾನವೇ ಮುಂದೆ ಮುಳುವಾಯಿತು. ಪಾಲಿನೇಷ್ಯಾದಿಂದ ಮಾವೊರಿ ಜನರ ಪೂರ್ವಿಕರು ದೋಣಿಗಳಲ್ಲಿ ಬಂದಿಳಿದದ್ದು ಸುಮಾರು 13ನೇ ಶತಮಾನದಲ್ಲಿ. ಹತ್ತು ವರ್ಷಕ್ಕೆ ಪ್ರಾಯಕ್ಕೆ ಬಂದು ಒಂದೆರಡೇ ಮೊಟ್ಟೆಯಿಡುವ ಹಕ್ಕಿಗೆ ಹಿರಿಯ ಹಕ್ಕಿಗಳ ಸಾವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ. ವರ್ಷಕ್ಕೆ ಸ್ವಲ್ಪವೇ ಬೇಟೆಯಾದರೂ ಹುಟ್ಟಿಗಿಂತ ಸಾವು ಮುಂದೆ ಹೋಗುತ್ತದೆ. ಹೀಗಾಗಿ ಇಡೀ ದ್ವೀಪಗಳಲ್ಲಿ ಕೆಲವೇ ಸಾವಿರ ಜನರಿದ್ದ ಕಾಲದಲ್ಲೇ, ಒಂದೂವರೆ ಶತಮಾನದೊಳಗೆ, ಒಂಬತ್ತೂ ಪ್ರಭೇದಗಳು ಮುಗಿದವು. ಹಿಂದೆಯೇ ಹಾಸ್ಟ್ ಹದ್ದು ಕೂಡ ಹಸಿವಿನಿಂದ ಅಳಿಯಿತು.

ಡೈರ್ ವುಲ್ಫ್ ವಿಷಯದಲ್ಲಿ ನಿಜವಾಗಿ ಆದದ್ದು

ಮೋವಾ ಯೋಜನೆಯ ಹದ ತಿಳಿಯಲು ತೋಳದ ಕತೆಯನ್ನು ಮೊದಲು ಬಿಡಿಸಬೇಕು. ಕೊಲೋಸಲ್‌ನವರು 13,000 ವರ್ಷ ಹಳೆಯ ಹಲ್ಲು ಮತ್ತು 72,000 ವರ್ಷ ಹಳೆಯ ತಲೆಬುರುಡೆಯಿಂದ ಡೈರ್ ವುಲ್ಫ್‌ನ ಡಿಎನ್‌ಎ ತುಣುಕುಗಳನ್ನು ಓದಿದರು. ಆ ಡಿಎನ್‌ಎಯನ್ನು ಯಾವ ಪ್ರಾಣಿಗೂ ಹಾಕಲಿಲ್ಲ. ಇಂದಿನ ಬೂದು ತೋಳದ ಜೀವಕೋಶಗಳನ್ನು ತೆಗೆದುಕೊಂಡು 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ಅವುಗಳಲ್ಲಿ 15 ತಿದ್ದುಪಡಿಗಳು ಡೈರ್ ವುಲ್ಫ್‌ನ ಡಿಎನ್‌ಎ ನೋಡಿ ಮಾಡಿದವು. ಉಳಿದ ಐದು ಮೈಬಣ್ಣಕ್ಕೆ ಸಂಬಂಧಿಸಿದವು, ಇಂದಿನ ನಾಯಿ-ತೋಳಗಳಲ್ಲೇ ಇರುವಂಥವು. ತಿದ್ದಿದ ಕೋಶದಿಂದ ತದ್ರೂಪಿ ಭ್ರೂಣ ಮಾಡಿ, ನಾಯಿಯ ಗರ್ಭದಲ್ಲಿಟ್ಟು ಮೂರು ಮರಿಗಳನ್ನು ಪಡೆದರು.

ತೋಳದ ಡಿಎನ್‌ಎಯಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಕಂಪನಿಯೇ ಹೇಳುವ ಹಾಗೆ ಎರಡು ಪ್ರಾಣಿಗಳ ನಡುವೆ ಶೇ 99.5ರಷ್ಟು ಹೋಲಿಕೆಯಿದ್ದರೂ ಉಳಿದ ಅರ್ಧ ಪ್ರತಿಶತದಲ್ಲಿ ಒಂದು ಕೋಟಿಗೂ ಹೆಚ್ಚು ವ್ಯತ್ಯಾಸಗಳಿರುತ್ತವೆ. ತಿದ್ದಿದ್ದು ಇಪ್ಪತ್ತನ್ನು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಡೈರ್ ವುಲ್ಫ್ ವಂಶ ಸುಮಾರು 57 ಲಕ್ಷ ವರ್ಷಗಳ ಹಿಂದೆಯೇ ತೋಳಗಳ ವಂಶದಿಂದ ಬೇರೆಯಾಗಿತ್ತೆಂದು ತೋರಿಸಿತ್ತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತೋಳ-ನಾಯಿ ತಜ್ಞರ ಸಮಿತಿ, ಈ ಮರಿಗಳು ಡೈರ್ ವುಲ್ಫ್‌ಗಳೂ ಅಲ್ಲ, ಅವುಗಳ ಬದಲಿಯೂ ಅಲ್ಲ ಎಂದಿತು. ಕೊನೆಗೆ ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಪೀರೊ ಅವರೇ ಸಂದರ್ಶನವೊಂದರಲ್ಲಿ ಅವು ಇಪ್ಪತ್ತು ತಿದ್ದುಪಡಿಗಳಿರುವ ಬೂದು ತೋಳಗಳು ಎಂದರು.

ವಿಜ್ಞಾನದ ಮಟ್ಟಿಗೆ ಇಪ್ಪತ್ತು ಕಡೆ ಏಕಕಾಲಕ್ಕೆ ತಿದ್ದಿ ಆರೋಗ್ಯವಂತ ಮರಿ ಪಡೆದದ್ದು ದೊಡ್ಡ ಸಾಧನೆಯೇ. ಅದನ್ನು ಚಿಕ್ಕದು ಮಾಡಬೇಕಿಲ್ಲ. ಆದರೆ ಅಳಿದ ಪ್ರಾಣಿ ಮರಳಿತು ಎನ್ನಲು ಅದು ಸಾಲದು.

ನಿಜಕ್ಕೂ ಅಳಿದ ಪ್ರಾಣಿಯೊಂದು ಮರಳಿ ಹುಟ್ಟಿದ್ದು ಇದುವರೆಗೆ ಒಮ್ಮೆ ಮಾತ್ರ. ಸ್ಪೇನಿನ ಪಿರನೀಸ್ ಬೆಟ್ಟಗಳ ಬುಕಾರ್ಡೊ ಎಂಬ ಕಾಡು ಮೇಕೆಯ ಕೊನೆಯ ಹೆಣ್ಣು 2000ದ ಜನವರಿಯಲ್ಲಿ ಸತ್ತಿತು. ಅದರ ಜೀವಕೋಶಗಳನ್ನು ಮೊದಲೇ ಶೈತ್ಯದಲ್ಲಿ ಕಾಪಿಟ್ಟಿದ್ದರಿಂದ 2003ರಲ್ಲಿ ತದ್ರೂಪಿ ಮರಿಯೊಂದು ಹುಟ್ಟಿತು. ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಅದೂ ತೀರಿಕೊಂಡಿತು.

ಹಕ್ಕಿಯಲ್ಲಿ ಕೆಲಸ ಇನ್ನೂ ಕಷ್ಟ

ಮೋವಾದ ಜೀವಂತ ಕೋಶ ಎಲ್ಲಿಯೂ ಇಲ್ಲ. ಇರುವುದು ಮೂಳೆ, ಗರಿ, ಮೊಟ್ಟೆಚಿಪ್ಪುಗಳಲ್ಲಿನ ಒಡೆದ ಡಿಎನ್‌ಎ. ಡಿಎನ್‌ಎ ಎಷ್ಟು ಬೇಗ ಒಡೆಯುತ್ತದೆ ಎಂಬ ಲೆಕ್ಕ ಜಗತ್ತಿಗೆ ಸಿಕ್ಕಿದ್ದೂ ಮೋವಾದಿಂದಲೇ. 158 ಮೋವಾ ಕಾಲುಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಥ ಮೂಳೆಗಳಲ್ಲಿ ಡಿಎನ್‌ಎ ಕೊಂಡಿಗಳು 521 ವರ್ಷಕ್ಕೊಮ್ಮೆ ಅರ್ಧದಷ್ಟು ಕಳಚುತ್ತವೆ. ಹಾಗಾಗಿ ತುಣುಕುಗಳನ್ನು ಜೋಡಿಸಿ ಓದಬಹುದೇ ಹೊರತು ಹಾಗೇ ಎತ್ತಿ ಬಳಸಲಾಗದು. ಬದುಕಿರುವ ಸಂಬಂಧಿಯ ಡಿಎನ್‌ಎ ತೆಗೆದುಕೊಂಡು ಮೋವಾದಂತೆ ತಿದ್ದಬೇಕು.

ಆ ಸಂಬಂಧಿ ಯಾವುದು? ದಕ್ಷಿಣ ಅಮೆರಿಕದ ಟಿನಮೂ. ಕೌಜುಗದ ಗಾತ್ರದ, ಅಷ್ಟಿಷ್ಟು ಹಾರಬಲ್ಲ ಹಕ್ಕಿ. ಅದಕ್ಕೂ ಮೋವಾಕ್ಕೂ ವಂಶ ಕವಲೊಡೆದು ಐದೂವರೆ ಕೋಟಿ ವರ್ಷಕ್ಕೂ ಹೆಚ್ಚಾಯಿತು. ಗಾತ್ರದಲ್ಲಿ ಸಮೀಪದ ಎಮು ಸಂಬಂಧದಲ್ಲಿ ಇನ್ನೂ ದೂರ. ಡೈರ್ ವುಲ್ಫ್‌ಗೂ ಬೂದು ತೋಳಕ್ಕೂ ಇದ್ದ ಅಂತರದ ಹತ್ತು ಪಟ್ಟು ಅಂತರವನ್ನು ಇಲ್ಲಿ ದಾಟಬೇಕು.

ಇನ್ನೊಂದು ತೊಡಕು ಮೊಟ್ಟೆಯದು. ಸಸ್ತನಿಯ ಅಂಡದಿಂದ ಕೋಶಕೇಂದ್ರವನ್ನು ತೆಗೆದು ಬೇರೆಯದನ್ನು ಇಟ್ಟಂತೆ ಹಕ್ಕಿಯಲ್ಲಿ ಮಾಡಲಾಗುವುದಿಲ್ಲ. ಅಗಾಧ ಹಳದಿಯ ಮೇಲೆ ಚುಕ್ಕೆಯಷ್ಟೇ ಇರುವ ಕೇಂದ್ರ ಕೈಗೆ ಸಿಗುವುದಿಲ್ಲ. ಮೊಟ್ಟೆ ಹೊರಬರುವಷ್ಟರಲ್ಲಿ ಒಳಗಿನ ಭ್ರೂಣ ಸಾವಿರಾರು ಕೋಶಗಳಾಗಿ ಒಡೆದಿರುತ್ತದೆ. ಆದ್ದರಿಂದ ಸುತ್ತುದಾರಿ: ಮುಂದೆ ವೀರ್ಯ ಅಥವಾ ಅಂಡವಾಗಲಿರುವ ಮೂಲಕೋಶಗಳನ್ನು ಭ್ರೂಣದಿಂದ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ತಿದ್ದಿ, ಬಾಡಿಗೆ ಹಕ್ಕಿಯ ಭ್ರೂಣಕ್ಕೆ ಸೇರಿಸಬೇಕು. ಆ ಹಕ್ಕಿ ಹುಟ್ಟುವುದು ತನ್ನದೇ ರೂಪದಲ್ಲಿ. ಅದು ಬೆಳೆದು, ಅಂಥದ್ದೇ ಇನ್ನೊಂದರ ಜೊತೆ ಕೂಡಿದರೆ ಮರುತಲೆಮಾರಿನಲ್ಲಿ ತಿದ್ದಿದ ಮರಿ. ಈ ವಿದ್ಯೆ ಕೋಳಿಯಲ್ಲಿ ಚೆನ್ನಾಗಿ ಕುದುರಿದೆ. ಅಳಿದ ಡೋಡೋ ಹಕ್ಕಿಯನ್ನು ಮರಳಿ ತರುವ ಯೋಜನೆಗಾಗಿ ಪಾರಿವಾಳದ ಇಂಥ ಕೋಶಗಳನ್ನು ಬೆಳೆಸಿದ್ದೇವೆಂದು ಕೊಲೋಸಲ್ 2025ರ ಸೆಪ್ಟೆಂಬರ್‌ನಲ್ಲಷ್ಟೇ ಹೇಳಿತು. ದೈತ್ಯ ಮೋವಾದ ಮೊಟ್ಟೆ ಎಮುವಿನದಕ್ಕಿಂತಲೂ ಬಹಳ ದೊಡ್ಡದು. ಹೀಗಾಗಿ ಕೃತಕ ಮೊಟ್ಟೆಯ ಮಾತೂ ಬಂದಿದೆ. ಐದರಿಂದ ಹತ್ತು ವರ್ಷ ಎಂಬ ಕಂಪನಿಯ ಗಡುವನ್ನು ಇವೆಲ್ಲವನ್ನೂ ನೆನಪಿಟ್ಟುಕೊಂಡು ಓದಬೇಕು.

ಬೇಕು ಎನ್ನುವವರ ಮಾತು

ಯೋಜನೆಯ ಹಿಂದೆ ಕಂಪನಿಯೊಂದೇ ಇಲ್ಲ. ದಕ್ಷಿಣ ದ್ವೀಪದ ಮುಖ್ಯ ಮಾವೊರಿ ಬುಡಕಟ್ಟಾದ ನಾಯ್ ತಾಹುವಿಗೆ ಸೇರಿದ, ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿರುವ ಸಂಶೋಧನಾ ಕೇಂದ್ರ ಇದರ ಜೊತೆಗಿದೆ. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಮತ್ತು ಅವರ ಸಂಗಾತಿ ಫ್ರಾನ್ ವಾಲ್ಶ್ ಒಂದೂವರೆ ಕೋಟಿ ಡಾಲರ್ ಹಾಕಿದ್ದಾರೆ. ಮೋವಾ ಮಾವೊರಿಗಳಿಗೆ ಆಹಾರವಷ್ಟೇ ಆಗಿರಲಿಲ್ಲ. ಮೂಳೆಯಿಂದ ಗಾಳ, ಆಭರಣ, ಚರ್ಮ-ಗರಿಗಳಿಂದ ಹೊದಿಕೆ ಎಲ್ಲವೂ ಆಗುತ್ತಿತ್ತು. ತಮ್ಮ ಪೂರ್ವಿಕರ ಬದುಕಿನೊಂದಿಗೆ ಬೆಸೆದ ಹಕ್ಕಿಯ ಸಂಶೋಧನೆ ತಮ್ಮ ಹಿಡಿತದಲ್ಲಿ ನಡೆಯಬೇಕು ಎಂಬುದು ಸಣ್ಣ ವಾದವಲ್ಲ. ವಸಾಹತು ಕಾಲದಲ್ಲಿ ಆ ಮೂಳೆಗಳು ಬುಡಕಟ್ಟಿನವರ ಮಾತು ಕೇಳದೆ ಯುರೋಪಿನ ಮ್ಯೂಸಿಯಮ್‌ಗಳಿಗೆ ಹೋದದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ.

ಪರಿಸರದ ವಾದವೂ ಇದೆ. ನ್ಯೂಜಿಲೆಂಡಿನ ಹಲವು ಪೊದೆಗಳು ಸಣ್ಣ ಎಲೆಗಳನ್ನು ಹೆಣೆದುಕೊಂಡ ಕಡ್ಡಿಗಳ ಒಳಗೆ ಬಚ್ಚಿಟ್ಟುಕೊಂಡು ಬೆಳೆಯುತ್ತವೆ. ಮೋವಾದ ಕೊಕ್ಕಿನಿಂದ ತಪ್ಪಿಸಿಕೊಳ್ಳಲು ಹೀಗೆ ಬೆಳೆದವೆಂಬ ವಾದ ಹಳೆಯದು. ಮೋವಾದ ಒಣಗಿದ ಹಿಕ್ಕೆಗಳಲ್ಲಿ ಕಾಡಿನ ಬಣ್ಣಬಣ್ಣದ ಅಣಬೆಗಳ ಡಿಎನ್‌ಎ ಸಿಕ್ಕಿದೆ. ಅಂದರೆ ಅಣಬೆಯ ಬೀಜಕಣಗಳನ್ನು ಅದು ದೂರ ಹರಡುತ್ತಿದ್ದಿರಬೇಕು. ಆ ಕೆಲಸ ಮಾಡಲು ಅಂಥ ದೊಡ್ಡ ಹಕ್ಕಿ ಇಂದು ಇಲ್ಲ. ಮೋವಾದಂಥ ಹಕ್ಕಿ ಬಂದರೆ ಕಾಡು ಹಳೆಯ ಲಯಕ್ಕೆ ಮರಳಬಹುದು ಎಂಬುದು ಬೆಂಬಲಿಗರ ನಿರೀಕ್ಷೆ. ಜೊತೆಗೆ, ಈ ದಾರಿಯಲ್ಲಿ ಹುಟ್ಟುವ ತಂತ್ರಗಳು ಬದುಕಿರುವ ಪ್ರಾಣಿಗಳಿಗೂ ಒದಗುತ್ತವೆ ಎಂದು ಅವರು ಹೇಳುತ್ತಾರೆ.

ಬೇಡ ಎನ್ನುವವರ ಮಾತು

ಒಟಾಗೊ ವಿಶ್ವವಿದ್ಯಾಲಯದ ಪ್ರಾಚೀನ ಡಿಎನ್‌ಎ ತಜ್ಞ ನಿಕ್ ರಾಲೆನ್ಸ್ ಸೇರಿದಂತೆ ಹಲವು ವಿಜ್ಞಾನಿಗಳು ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. ಆಕ್ಷೇಪದ ತಿರುಳು ಹೀಗಿದೆ: ಹುಟ್ಟುವುದು ಮೋವಾ ಆಗಿರುವುದಿಲ್ಲ, ಮೋವಾದಂತೆ ಕಾಣುವ ಬೇರೆ ಹಕ್ಕಿಯಾಗಿರುತ್ತದೆ. ಅದಕ್ಕೆ ಏನು ತಿನ್ನಬೇಕು, ಎಲ್ಲಿ ಗೂಡು ಕಟ್ಟಬೇಕು ಎಂದು ತೋರಿಸುವ ತಾಯಿಯಿಲ್ಲ. ಒಳಸಂಬಂಧದ ದೋಷ ತಟ್ಟದೆ ಉಳಿಯಲು ನೂರಾರು ಹಕ್ಕಿಗಳಾದರೂ ಬೇಕು. ಇನ್ನೂರು ಕಿಲೋ ತೂಗುವ ನೂರಾರು ಹಕ್ಕಿಗಳಿಗೆ ಕಾಡೆಲ್ಲಿದೆ? ಆರುನೂರು ವರ್ಷಗಳಲ್ಲಿ ಆ ನೆಲದ ದೊಡ್ಡ ಪಾಲು ಕುರಿ-ದನಗಳ ಹುಲ್ಲುಗಾವಲಾಗಿದೆ. ಸಂರಕ್ಷಣಾ ಒಕ್ಕೂಟ 2016ರಲ್ಲಿ ಹೊರತಂದ ಮಾರ್ಗದರ್ಶಿಯೂ ಇಂಥ ಜೀವಿಗಳನ್ನು ಅಳಿದ ಪ್ರಾಣಿಯೆಂದಲ್ಲ, ಬದಲಿಯೆಂದೇ ಕಾಣುತ್ತದೆ. ಅಳಿವಿಗೆ ಕಾರಣವಾದದ್ದು ಮೊದಲು ದೂರವಾಗಬೇಕು ಎಂದೂ ಒತ್ತಿಹೇಳುತ್ತದೆ.

ಹಣದ ಪ್ರಶ್ನೆಗೆ ಅಂದಾಜಿನ ಉತ್ತರವೂ ಇದೆ. 2017ರ ಅಧ್ಯಯನವೊಂದು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗಳ ಸಂರಕ್ಷಣಾ ವೆಚ್ಚಗಳನ್ನು ಹಿಡಿದು ಲೆಕ್ಕ ಹಾಕಿತು. ನ್ಯೂಜಿಲೆಂಡಿನ 11 ಅಳಿದ ಪ್ರಭೇದಗಳನ್ನು ಮರಳಿ ತಂದು ಸರ್ಕಾರವೇ ಸಾಕುವುದಾದರೆ, ಆ ಖರ್ಚಿನಿಂದ ಉಳಿಸಬಹುದಾಗಿದ್ದ 31 ಜೀವಂತ ಪ್ರಭೇದಗಳನ್ನು ಕೈಬಿಟ್ಟಂತೆ ಆಗುತ್ತದೆ. ಇದು ಪ್ರಯೋಗಾಲಯದ ಖರ್ಚಲ್ಲ, ಕಾಡಿಗೆ ಬಿಟ್ಟ ಮೇಲಿನ ಕಾವಲಿನ ಖರ್ಚು ಮಾತ್ರ.

‘ಕೊಲೋಸಲ್ ಹಣ ಖಾಸಗಿಯದು, ಬದುಕಿರುವ ಜೀವಿಗಳನ್ನು ಉಳಿಸಲು ಅದು ಹೇಗೂ ಬರುತ್ತಿರಲಿಲ್ಲ’ ಎಂಬುದು ಕಂಪನಿಯ ಪರವಾದ ಪ್ರತಿವಾದ. ಅದರಲ್ಲಿ ಸತ್ಯವಿದೆ. ಆದರೆ ಹಕ್ಕಿ ಹುಟ್ಟಿದ ಮೇಲೆ ಅದರ ಯೋಗಕ್ಷೇಮ ನೂರಾರು ವರ್ಷಗಳ ಹೊಣೆ. ಹೂಡಿಕೆದಾರರ ಉತ್ಸಾಹ ಅಷ್ಟು ಕಾಲ ಬಾಳುತ್ತದೆಂದು ನಂಬಲು ಆಧಾರವಿಲ್ಲ.

ಅದೇ ನೆಲದ ಹಲ್ಲಿಗಳು, ಹಾವುರಾಣಿಗಳು

ಮೋವಾವನ್ನು ಕೊನೆಗಾಣಿಸಿದ ಅದೇ ಹಳೆಯ ದೌರ್ಬಲ್ಯದೊಂದಿಗೆ ಇಂದು ಬದುಕಿರುವವು ನ್ಯೂಜಿಲೆಂಡಿನ ಹಲ್ಲಿಗಳು ಮತ್ತು ಹಾವುರಾಣಿಗಳು. 120ಕ್ಕೂ ಹೆಚ್ಚು ಪ್ರಭೇದಗಳಿವೆ, ಬೇರೆಲ್ಲೂ ಸಿಗದಂಥವು. ಹಾವಿಲ್ಲದ, ಓತಿಕ್ಯಾತವಿಲ್ಲದ, ಉಡವಿಲ್ಲದ ಆ ದೇಶದಲ್ಲಿ ಕಡಲತೀರದ ಕಲ್ಲುಗಳಿಂದ ಹಿಡಿದು ಹಿಮ ಬೀಳುವ ಬೆಟ್ಟದ ತುದಿಯವರೆಗೆ ಇವೇ ಹಬ್ಬಿವೆ. ಎಲೆಹಸಿರಿನ ಹಲ್ಲಿಗಳು ನಮ್ಮ ಗೋಡೆಯ ಹಲ್ಲಿಗಳ ಹಾಗಲ್ಲ, ಹಗಲಲ್ಲೇ ಪೊದೆಗಳ ಮೇಲೆ ಬಿಸಿಲು ಕಾಯಿಸುತ್ತವೆ.

ಇವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ. ಹಾವುರಾಣಿಗಳಲ್ಲಿ ಒಂದೇ ಒಂದು ಸ್ಥಳೀಯ ಪ್ರಭೇದ ಮಾತ್ರ ಮೊಟ್ಟೆಯಿಡುತ್ತದೆ. ತಣ್ಣನೆಯ ನೆಲದಲ್ಲಿ ಮೊಟ್ಟೆಗೆ ಕಾವು ಸಾಲದು. ತಾಯಿ ತಾನೇ ಬಿಸಿಲಿಗೆ ಬಂದು ಹೊಟ್ಟೆಯೊಳಗಿನ ಮರಿಗೆ ಕಾವು ಕೊಡುತ್ತದೆ. ಹಲ್ಲಿಗೆ ಒಂದು ಸೂಲಿಗೆ ಸಾಮಾನ್ಯವಾಗಿ ಎರಡೇ ಮರಿ. ಕೆಲವು ಪ್ರಭೇದಗಳಲ್ಲಿ ಅದೂ ಎರಡು ವರ್ಷಕ್ಕೊಮ್ಮೆ. ಆಯಸ್ಸು ಮಾತ್ರ ದೀರ್ಘ. ಐವತ್ತು ವರ್ಷ ದಾಟಿ ಬದುಕಿರುವ ಹಲ್ಲಿಗಳು ಕಾಡಿನಲ್ಲೇ ದಾಖಲಾಗಿವೆ.

ಹಕ್ಕಿ ಬೇಟೆಯಾಡುವುದು ಕಣ್ಣಿನಿಂದ. ಅಲುಗಾಡದೆ ಕೂತರೆ ಹಕ್ಕಿಗೆ ಹಲ್ಲಿ ಕಾಣುವುದಿಲ್ಲ. ಕೋಟ್ಯಂತರ ವರ್ಷ ಇದೇ ಉಪಾಯ ಅವನ್ನು ಕಾಪಾಡಿತು. ಇಲಿ ಬೇಟೆಯಾಡುವುದು ಮೂಗಿನಿಂದ. ಕತ್ತಲಲ್ಲಿ, ಕಲ್ಲಿನ ಸಂದಿಯಲ್ಲಿ, ಅಲುಗಾಡದೆ ಕೂತ ಹಲ್ಲಿ ಅದಕ್ಕೆ ಸಿದ್ಧವಾಗಿಟ್ಟ ಊಟ. ಪಾಲಿನೇಷ್ಯಾದವರ ದೋಣಿಯಲ್ಲಿ ಒಂದು ಜಾತಿಯ ಇಲಿ ಬಂತು. ಯುರೋಪಿನವರ ಹಡಗುಗಳಲ್ಲಿ ಮತ್ತೆರಡು ಜಾತಿಯ ದೊಡ್ಡ ಇಲಿ, ಪುಟ್ಟ ಇಲಿ, ಬೆಕ್ಕು, ಮುಳ್ಳಿಲಿ ಬಂದವು. ಹುಲ್ಲುಗಾವಲು ಹಾಳುಮಾಡುತ್ತಿದ್ದ ಮೊಲಗಳನ್ನು ಹತೋಟಿಗೆ ತರಲೆಂದು 1880ರ ದಶಕದಲ್ಲಿ ಮುಂಗುಸಿಯಂಥ ಸ್ಟೋಟ್‌ಗಳನ್ನು ಬೇಕೆಂದೇ ತಂದು ಬಿಟ್ಟರು. ಮೊಲಗಳು ಉಳಿದವು, ಸ್ಟೋಟ್‌ಗಳು ಹಕ್ಕಿಗೂಡುಗಳಿಗೂ ಹಲ್ಲಿಗಳಿಗೂ ತಿರುಗಿದವು. ಎರಡು ವರ್ಷಕ್ಕೆರಡು ಮರಿ ಹಾಕುವ ಜೀವಿಗೆ ಈ ನಷ್ಟ ತುಂಬಲಾಗದು. ದೇಶದ ಸರೀಸೃಪಗಳಲ್ಲಿ ಶೇ 94ರಷ್ಟು ಅಪಾಯದಲ್ಲಿರುವ ಅಥವಾ ಅಪಾಯದತ್ತ ಸಾಗಿರುವ ಪಟ್ಟಿಯಲ್ಲಿವೆ.

ಇದರ ಮೇಲೆ ಕಳ್ಳಸಾಗಣೆ. 2009ರ ಕೊನೆಯಲ್ಲಿ ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ ಜರ್ಮನಿಯ ಪ್ರವಾಸಿಯೊಬ್ಬನ ಒಳಉಡುಪಿಗೆ ಹೊಲಿದಿದ್ದ ಚೀಲಗಳಲ್ಲಿ 44 ಹಲ್ಲಿ-ಹಾವುರಾಣಿಗಳು ಸಿಕ್ಕಿದ್ದವು. ಸಮುದ್ರವೂ ಏರುತ್ತಿದೆ. ಪಶ್ಚಿಮ ಕರಾವಳಿಯ ಗ್ರಾನಿಟಿ ಎಂಬಲ್ಲಿನ ಉರುಟುಗಲ್ಲುಗಳ ನಡುವೆ ಮಾತ್ರ ಇದ್ದ ಒಂದು ಹಾವುರಾಣಿ ಪ್ರಭೇದದ ಹತ್ತಾರು ಜೀವಗಳನ್ನು 2016ರಲ್ಲಿ ಆಕ್ಲೆಂಡ್ ಮೃಗಾಲಯಕ್ಕೆ ಒಯ್ದಿದ್ದರು. 2018ರ ಚಂಡಮಾರುತ ಆ ತೀರವನ್ನೇ ಕೊಚ್ಚಿಕೊಂಡು ಹೋಯಿತು.

ಟುವಾಟಾರಾ ಕಲಿಸುವ ಪಾಠ

ಹಲ್ಲಿಯಂತೆ ಕಂಡರೂ ಟುವಾಟಾರಾ ಎಂಬ ಸರೀಸೃಪ ಹಲ್ಲಿಯಲ್ಲ. ಹಾವು-ಹಲ್ಲಿಗಳ ವಂಶದಿಂದ ಸುಮಾರು 25 ಕೋಟಿ ವರ್ಷಗಳ ಹಿಂದೆ ಬೇರೆಯಾದ ಗುಂಪಿನಲ್ಲಿ ಉಳಿದಿರುವ ಏಕೈಕ ಜೀವಿ. ನೆತ್ತಿಯ ಮೇಲೆ ಬೆಳಕು ಗ್ರಹಿಸುವ ಮೂರನೆಯ ಕಣ್ಣಿದೆ. ಮರಿಗಳಲ್ಲಿ ಅದು ಕಾಣುತ್ತದೆ, ದೊಡ್ಡದಾದಂತೆ ಮುಚ್ಚಿಕೊಳ್ಳುತ್ತದೆ. ಮೊಟ್ಟೆ ಒಡೆಯಲು ಒಂದು ವರ್ಷಕ್ಕೂ ಮಿಕ್ಕಿ ಬೇಕು. ಇನ್ವರ್‌ಕಾರ್ಗಿಲ್ ಊರಿನ ಮ್ಯೂಸಿಯಮ್ಮಿನಲ್ಲಿದ್ದ ಹೆನ್ರಿ ಎಂಬ ಟುವಾಟಾರಾ 2009ರಲ್ಲಿ ತಂದೆಯಾದಾಗ ಅದರ ವಯಸ್ಸು 111 ಎಂದು ಅಂದಾಜಿಸಿದ್ದರು. ಗೂಡಿನ ನೆಲ ಸುಮಾರು 22 ಡಿಗ್ರಿಗಿಂತ ಬಿಸಿಯಾದರೆ ಹುಟ್ಟುವವು ಹೆಚ್ಚಾಗಿ ಗಂಡುಗಳೇ. ಭೂಮಿ ಬಿಸಿಯಾದಂತೆ ಹೆಣ್ಣುಗಳೇ ಇಲ್ಲವಾಗುವ ಭಯ ಇಲ್ಲಿಯದು.

ಡೈನೊಸಾರ್‌ಗಳ ಕಾಲವನ್ನು ದಾಟಿ ಬಂದ ಈ ವಂಶ ಇಲಿಗಳೆದುರು ಸೋತು ಮುಖ್ಯ ದ್ವೀಪಗಳಿಂದ ಮಾಯವಾಗಿ ಸಣ್ಣ ದ್ವೀಪಗಳಿಗೆ ಸೀಮಿತವಾಯಿತು. ಹೌಟುರು ದ್ವೀಪದಲ್ಲಿ ಅದು ಮುಗಿದೇಹೋಯಿತು ಎಂದುಕೊಂಡಿದ್ದಾಗ 1990ರ ದಶಕದ ಆರಂಭದಲ್ಲಿ ಎಂಟು ಟುವಾಟಾರಾಗಳು ಸಿಕ್ಕವು. ಅವನ್ನು ಇಲಿ ತಲುಪದಂತೆ ಬೇಲಿಯೊಳಗಿಟ್ಟು, ಮೊಟ್ಟೆಗಳಿಗೆ ಬೇರೆಡೆ ಕಾವು ಕೊಟ್ಟು ಮರಿ ಮಾಡಿದರು. 2004ರಲ್ಲಿ ಹೆಲಿಕಾಪ್ಟರಿನಿಂದ ಪಾಷಾಣ ಚೆಲ್ಲಿ ಇಡೀ ದ್ವೀಪದ ಇಲಿಗಳನ್ನು ತೆಗೆದರು. ಆಮೇಲೆ ಮರಿಗಳನ್ನು ಹೊರಬಿಟ್ಟರು. ವೆಲಿಂಗ್ಟನ್ ನಗರದೊಳಗೇ ಇರುವ ಜೀಲ್ಯಾಂಡಿಯಾ ಅಭಯಧಾಮಕ್ಕೆ 8.6 ಕಿಲೋಮೀಟರ್ ಉದ್ದದ ಬೇಲಿ ಇದೆ. 2005ರಲ್ಲಿ ಅಲ್ಲಿಗೆ ಟುವಾಟಾರಾ ಬಿಟ್ಟರು, 2009ರಲ್ಲಿ ಮರಿ ಸಿಕ್ಕಿತು. ಸುಮಾರು ಇನ್ನೂರು ವರ್ಷಗಳಲ್ಲಿ ಮುಖ್ಯ ದ್ವೀಪದಲ್ಲಿ ತಾನಾಗಿ ಹುಟ್ಟಿದ ಮೊದಲ ಮರಿಯದು.

ಒಟಾಗೊದ ಮ್ಯಾಕ್ರೇಸ್ ಎಂಬಲ್ಲಿ ಬಂಡೆಗಳ ಮೇಲೆ ಬದುಕುವ ಎರಡು ದೊಡ್ಡ ಹಾವುರಾಣಿ ಪ್ರಭೇದಗಳೂ ಹೀಗೆಯೇ ಉಳಿದವು. ಹಿಂದೆ ಹರಡಿದ್ದ ನೆಲದ ಶೇ 8ರಷ್ಟಕ್ಕೆ ಕುಗ್ಗಿದ್ದ ಅವು, ಬೆಕ್ಕು-ಸ್ಟೋಟ್‌ಗಳಿಗೆ ಬೋನು ಇಟ್ಟು ಬೇಲಿ ಹಾಕಿದ ಮೇಲೆ ಚೇತರಿಸಿಕೊಂಡವು. ಈ ಎಲ್ಲ ಗೆಲುವುಗಳಲ್ಲೂ ಮಾಡಿದ್ದು ಒಂದೇ ಕೆಲಸ: ಕೊಲ್ಲುವುದನ್ನು ದೂರವಿಟ್ಟದ್ದು. ಆಗ ಜೀವಿ ತಾನಾಗಿ ಮರಳಿತು. ಬೋನು, ಬೇಲಿ, ಪಾಷಾಣ, ಸಂಬಳಕ್ಕೆ ದುಡಿಯುವ ಜನ, ತಪ್ಪದ ಗಸ್ತು. ಇದರಲ್ಲಿ ಟಿವಿಗೆ ಬೇಕಾದ ಚಿತ್ರವಿಲ್ಲ. ವರ್ಷಕ್ಕೊಮ್ಮೆ ಬಜೆಟ್ ಬಂದಾಗ ಕತ್ತರಿ ಬೀಳುವುದೂ ಅದಕ್ಕೇ ಸುಲಭ.

ಮಾತು ಕಾನೂನನ್ನು ಮುಟ್ಟಿದಾಗ

ಇಲ್ಲಿಗೆ ಮೊದಲು ಹೇಳಿದ ಆ ಸುದ್ದಿಗಳು ಒಂದೆಡೆ ಸೇರುತ್ತವೆ. ತಾರಾನಾಕಿಯ ಮೌಂಟ್ ಮೆಸೆಂಜರ್ ಬಳಿಯ ಹೆದ್ದಾರಿಗಾಗಿ ಕಿವಿ ಹಕ್ಕಿ, ಬಾವಲಿ, ಹಲ್ಲಿಗಳ ಸಾವಿಗೆ ಸಂರಕ್ಷಣಾ ಇಲಾಖೆಯೇ ಅನುಮತಿ ಕೊಟ್ಟಿತ್ತು. 1953ರ ವನ್ಯಜೀವಿ ಕಾಯ್ದೆಯ ಉದ್ದೇಶ ರಕ್ಷಣೆ. ಅದಕ್ಕೆ ಹೊಂದದ ಕೊಲೆಗೆ ಆ ಕಾಯ್ದೆಯಡಿ ಅನುಮತಿ ಕೊಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಸರ್ಕಾರಕ್ಕೂ ತನ್ನ ಕಷ್ಟವಿತ್ತು: ರಸ್ತೆ, ಗಣಿ, ವಿದ್ಯುತ್ ಯೋಜನೆಗಳೆಲ್ಲ ಇಂಥ ಅನುಮತಿಗಳ ಮೇಲೆಯೇ ನಿಂತಿದ್ದವು. ತಿದ್ದುಪಡಿ ತರಾತುರಿಯಲ್ಲಿ ಬಂತು. ಇಲಿ, ಸ್ಟೋಟ್, ಮರ ಹತ್ತುವ ಪಾಸಮ್‌ಗಳನ್ನು 2050ರೊಳಗೆ ಇಲ್ಲವಾಗಿಸುವ, 2016ರಲ್ಲಿ ಘೋಷಿಸಿದ ಗುರಿಯನ್ನು ಸರ್ಕಾರ ಕೈಬಿಟ್ಟಿಲ್ಲ. 2025ರ ನವೆಂಬರ್‌ನಲ್ಲಿ ಕಾಡುಪಾಲಾದ ಸಾಕುಬೆಕ್ಕನ್ನೂ ಪಟ್ಟಿಗೆ ಸೇರಿಸಿತು. ಹಲ್ಲಿಗಳ ಪಾಲಿಗೆ ಇದು ಒಳ್ಳೆಯ ಸುದ್ದಿ. ಆದರೆ ಅದಕ್ಕೆಂದೇ ಇದ್ದ ಕಂಪನಿಯನ್ನು ಮುಚ್ಚಿ ಕೆಲಸವನ್ನು ಇಲಾಖೆಗೆ ಹೊರಿಸಿದ ಮೇಲೆ ಹಣ, ಜನ ಎಲ್ಲಿಂದ ಎಂಬುದೇ ಪ್ರಶ್ನೆ.

ಮೋವಾ ಘೋಷಣೆಯಿಂದ ಈ ತೀರ್ಮಾನಗಳು ಹುಟ್ಟಿದವು ಎನ್ನುವುದು ಸರಿಯಲ್ಲ. ಕಾನೂನು ತಿದ್ದುಪಡಿಯೂ ಕಂಪನಿ ಮುಚ್ಚುವ ತೀರ್ಮಾನವೂ ಅದಕ್ಕಿಂತ ಮೊದಲಿನವು. ಅಪಾಯವಿರುವುದು ಮುಂದಿನ ದಿನಗಳಲ್ಲಿ. ಅಮೆರಿಕದಲ್ಲಿ ಡೈರ್ ವುಲ್ಫ್ ಸುದ್ದಿ ಬಂದ ಕೂಡಲೇ ಆಂತರಿಕ ಇಲಾಖೆಯ ಮಂತ್ರಿ ಡಗ್ ಬರ್ಗಮ್, ಪ್ರಭೇದಗಳನ್ನು ಉಳಿಸುವುದು ನಿಯಮಗಳಿಂದಲ್ಲ, ಇಂಥ ಹೊಸ ಆವಿಷ್ಕಾರಗಳಿಂದ ಎಂಬರ್ಥದಲ್ಲಿ ಬರೆದರು. ಅಳಿದದ್ದನ್ನು ಮರಳಿ ತರಬಹುದು ಎಂಬ ನಂಬಿಕೆ ಬೇರೂರಿದರೆ, ಅಳಿಯದಂತೆ ತಡೆಯುವ ನಿಯಮ ಅಡ್ಡಿಯಂತೆ ಕಾಣತೊಡಗುತ್ತದೆ. ಪ್ರಯೋಗಾಲಯದಲ್ಲಿ ಮೋವಾದ ಒಂದು ಮರಿಯೂ ಹುಟ್ಟುವ ಮೊದಲೇ ಈ ಪರಿಣಾಮ ಆಗಿಬಿಡಬಹುದು.

ಹಳೆಯ ಡಿಎನ್‌ಎ ನಿಜವಾಗಿ ನೆರವಾದ ಕಡೆ

ಹಾಗೆಂದು ಈ ವಿಜ್ಞಾನವನ್ನೇ ದೂರಬೇಕಿಲ್ಲ. ಫ್ರಾನ್ಸಿನ ಮಾರ್ಸೇ ಮ್ಯೂಸಿಯಮ್ಮಿನಲ್ಲಿ ಯಾವ ಊರಿನದೆಂಬ ಚೀಟಿಯೇ ಇಲ್ಲದ, ಬಾಲ ಸೇರಿ 60 ಸೆಂಟಿಮೀಟರಿನಷ್ಟು ಉದ್ದದ, ಜಗತ್ತಿನಲ್ಲೇ ದೊಡ್ಡದಾದ ಹಲ್ಲಿಯ ಒಣಗಿದ ದೇಹವೊಂದಿದೆ. 1986ರಲ್ಲಿ ವಿವರಿಸಿದಾಗ ಅದು ನ್ಯೂಜಿಲೆಂಡಿನದೆಂದು, ಮಾವೊರಿ ಕತೆಗಳ ಕಾವೆಕಾವೆಔ ಎಂಬ ದೊಡ್ಡ ಹಲ್ಲಿ ಅದೇ ಇರಬಹುದೆಂದು ನಂಬಿದ್ದರು. 2023ರಲ್ಲಿ ಅದರ ಡಿಎನ್‌ಎ ಓದಿದಾಗ ಅದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ್ದೆಂದು ತಿಳಿಯಿತು. ಅಳಿದದ್ದನ್ನು ಸರಿಯಾಗಿ ಅರಿಯಲು ಇದು ಬೇಕು.

ಬದುಕಿರುವವುಗಳಿಗೆ ಇನ್ನೂ ಹೆಚ್ಚು ಬೇಕು. ಹಾರಲಾರದ ಗಿಳಿ ಕಾಕಾಪೋ 1995ರಲ್ಲಿ 51 ಇದ್ದದ್ದು ಈಗ ಇನ್ನೂರು ದಾಟಿದೆ. ಬಹುತೇಕ ಎಲ್ಲ ಕಾಕಾಪೋಗಳ ಪೂರ್ಣ ಡಿಎನ್‌ಎ ಓದಿ, ರೋಗಕ್ಕೆ ಯಾವುದು ಬೇಗ ತುತ್ತಾಗುತ್ತದೆ, ಯಾವುದನ್ನು ಯಾವುದರೊಂದಿಗೆ ಬಿಡಬೇಕು ಎಂಬುದನ್ನು ತಿಳಿಯುವ ಕೆಲಸ ನಡೆದಿದೆ. ಅಮೆರಿಕದಲ್ಲಿ 1988ರಿಂದ ಶೈತ್ಯದಲ್ಲಿದ್ದ ಕೋಶಗಳಿಂದ ಕಪ್ಪುಪಾದದ ಫೆರೆಟ್ ಎಂಬ ಅಪರೂಪದ ಪ್ರಾಣಿಯ ತದ್ರೂಪಿ 2020ರಲ್ಲಿ ಹುಟ್ಟಿತು. 2024ರಲ್ಲಿ ಅದೇ ಕೋಶದ ಇನ್ನೊಂದು ತದ್ರೂಪಿ ಮರಿ ಹಾಕಿತು. ಕಳೆದುಹೋಗಿದ್ದ ಜೀನ್ ವೈವಿಧ್ಯ ಜೀವಂತ ಹಿಂಡಿಗೆ ಮರಳುವ ದಾರಿ ತೆರೆಯಿತು.

ನಮ್ಮ ನೆಲದಲ್ಲಿ ಇದೇ ಪ್ರಶ್ನೆ

ಭಾರತಕ್ಕೂ ಇದು ದೂರದ ಚರ್ಚೆಯಲ್ಲ. 1952ರಲ್ಲಿ ಅಳಿದುಹೋಯಿತೆಂದು ಘೋಷಿಸಿದ್ದ ಚೀತಾದ ಜಾಗಕ್ಕೆ ಆಫ್ರಿಕಾದ ಚೀತಾಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋಗೆ ತಂದರು. ಜೀನ್ ತಿದ್ದದೆ ತಂದ ಬದಲಿ ಅದು. ಚೀತಾದಂತೆ ಹುಲ್ಲುಗಾವಲಿನಲ್ಲಿ ಬದುಕುವ ಎರೆಭೂತ ಹಕ್ಕಿ ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು. ರಾಜಸ್ಥಾನದ ಕೇಂದ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಎರೆಭೂತದ ಮರಿ ಹುಟ್ಟಿದಾಗ ದೇಶ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ಆ ಮರಿ ಬೆಳೆದು ಹಾರುವ ಆಕಾಶದಲ್ಲಿ ವಿದ್ಯುತ್ ತಂತಿಗಳು ಹಾಗೇ ಇವೆ. ಪಕ್ಕಕ್ಕೆ ಕಣ್ಣಿದ್ದು ಮುಂದೆ ಸರಿಯಾಗಿ ಕಾಣದ ಭಾರದ ಹಕ್ಕಿ ತಂತಿಗೆ ಬಡಿದು ಸಾಯುತ್ತದೆ. ಹುಲ್ಲುಗಾವಲನ್ನು ಸರ್ಕಾರಿ ಕಡತಗಳು ಇಂದಿಗೂ ಬಂಜರು ಎನ್ನುತ್ತವೆ.

ಮುಂದೇನು?

ಮೋವಾ ಯೋಜನೆಯಿಂದ ಹತ್ತಿರದ ದಿನಗಳಲ್ಲಿ ಬರಬಹುದಾದದ್ದು ಹಕ್ಕಿಯಲ್ಲ, ಒಂಬತ್ತೂ ಪ್ರಭೇದಗಳ ಡಿಎನ್‌ಎ ಓದಿನ ಫಲಿತಾಂಶ. ಅದು ಬೆಲೆಯುಳ್ಳದ್ದು. ಆಮೇಲೆ ಟಿನಮೂ ಅಥವಾ ಎಮುವಿನ ಮೂಲಕೋಶ ಬೆಳೆಸಿದ ಸುದ್ದಿ ಬರಬಹುದು. ‘ಮೋವಾ ಮರಿ’ ಎಂಬ ಚಿತ್ರ ಬಂದರೆ ಎಷ್ಟು ಕಡೆ ತಿದ್ದಿದ್ದಾರೆ, ಯಾವ ಹಕ್ಕಿಯನ್ನು ತಿದ್ದಿದ್ದಾರೆ, ಅದು ಇರುವುದು ಬೇಲಿಯೊಳಗೋ ಕಾಡಿನಲ್ಲೋ ಎಂಬುದನ್ನು ಮೊದಲು ನೋಡಬೇಕು.

ಅದಕ್ಕಿಂತ ಬೇಗ ಇತ್ಯರ್ಥವಾಗಬೇಕಾದ ಸಂಗತಿ ಇನ್ನೊಂದಿದೆ. ಜೀನ್ ತಿದ್ದಿದ ಜೀವಿಗಳನ್ನು ಹೊರಬಿಡದಂತೆ ನ್ಯೂಜಿಲೆಂಡ್ 1990ರ ದಶಕದಿಂದ ಬಿಗಿಯಾದ ನಿಯಮ ಇಟ್ಟುಕೊಂಡಿದೆ. ಅದನ್ನು ಸಡಿಲಿಸುವ ಜೀನ್ ತಂತ್ರಜ್ಞಾನ ಮಸೂದೆ 2024ರ ಡಿಸೆಂಬರ್‌ನಲ್ಲಿ ಮಂಡನೆಯಾಯಿತು. ಚರ್ಚೆ ಹೆಚ್ಚಾಗಿ ಹುಲ್ಲು, ಹಾಲು, ರಫ್ತಿನ ಸುತ್ತ ನಡೆದಿದೆ. ಆದರೆ ಮೋವಾದಂಥ ಹಕ್ಕಿಗೆ ಬೇಕಾದ ಬಾಗಿಲೂ, ಇಲಿಗಳ ಸಂತಾನವನ್ನು ಜೀನ್ ಮೂಲಕ ತಗ್ಗಿಸುವ ಪ್ರಯೋಗಗಳಿಗೆ ಬೇಕಾದ ಬಾಗಿಲೂ ಒಂದೇ. ಹೆಣ್ಣಿಲಿಗಳನ್ನು ಬಂಜೆಯಾಗಿಸುವ ಗುಣವನ್ನು ಇಲಿಗಳಲ್ಲಿ ಹರಡುವ ವಿಧಾನವನ್ನು ಅಡಿಲೇಡ್ ವಿಶ್ವವಿದ್ಯಾಲಯದವರು 2022ರಲ್ಲಿ ಪುಟ್ಟ ಇಲಿಗಳ ಮೇಲೆ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದು ಹೊರಗಿನ ದೇಶಗಳಿಗೂ ದಾಟಿದರೆ ಏನು, ಮಾವೊರಿ ಸಮುದಾಯಗಳ ಒಪ್ಪಿಗೆ ಯಾರು ಪಡೆಯಬೇಕು ಎಂಬ ಪ್ರಶ್ನೆಗಳು ಗಟ್ಟಿಯಾಗಿಯೇ ಇವೆ. ಆದರೂ ಹಲ್ಲಿಗಳಿಗೂ ಟುವಾಟಾರಾಗಳಿಗೂ ಜೀನ್ ವಿಜ್ಞಾನ ಕೊಡಬಹುದಾದ ದೊಡ್ಡ ನೆರವು ಇರುವುದು ಅತ್ತ ಕಡೆಯೇ. ಕಂಪನಿಗಳ ಹೂಡಿಕೆ ಮಾತ್ರ ಸದ್ಯಕ್ಕೆ ಹರಿಯುತ್ತಿರುವುದು ಮೋವಾ, ಡೋಡೋಗಳ ಕಡೆಗೆ.